ಆರು ಮಂಚ, ಹನ್ನೊಂದು ಚಾರ್ಜರ್

ನಮ್ಮ ಕೋಣೆಯಲ್ಲಿ ಆರು ಮಂಚಗಳಿವೆ. ಸರಿಯಾಗಿ ಹೇಳಬೇಕೆಂದರೆ, ಒಂದರ ಮೇಲೊಂದು ಕೂರಿಸಿದ ಮೂರು ಜೋಡಿ ಕಬ್ಬಿಣದ ಮಂಚಗಳು. ಗೋಡೆಯಲ್ಲಿ ಪ್ಲಗ್ ಹಾಕುವ ಜಾಗ ಎರಡೇ ಎರಡು. ಆ ಎರಡರಿಂದ ಹೊರಟ ವಯರುಗಳು ಮಂಚದ ಕಾಲುಗಳನ್ನು ಸುತ್ತಿ, ಕಿಟಕಿಯ ಸರಳನ್ನು ದಾಟಿ, ಕೊನೆಗೆ ಆರು ತಲೆದಿಂಬುಗಳ ಬಳಿ ಬಂದು ನಿಲ್ಲುತ್ತವೆ. ಒಂದು ರಾತ್ರಿ ನಿದ್ದೆ ಬಾರದೆ ಎಣಿಸಿದೆವು. ಆರು ಮಂದಿಗೆ ಹನ್ನೊಂದು ಚಾರ್ಜರುಗಳು! ಬ್ರಷ್ಷು ಆರೇ, ಚಪ್ಪಲಿ ಆರು ಜೊತೆ, ಅನ್ನದ ಬಟ್ಟಲು ಐದು (ಒಂದು ಒಡೆದು ಹೋಗಿದೆ). ಚಾರ್ಜರ್ ಮಾತ್ರ ಹನ್ನೊಂದು.

ದುಬೈಯ ದೇರಾದಲ್ಲಿ, ನೈಫ್ ಎಂಬ ಕಡೆ ನಮ್ಮ ವಾಸ. ಊರಿನವರು ದುಬೈ ಎಂದಾಗ ಯಾವ ಎತ್ತರದ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೋ ಅದು ನಮ್ಮ ಕಿಟಕಿಗೆ ಕಾಣುವುದಿಲ್ಲ. ನಮಗೆ ಕಾಣುವುದು ಎದುರಿನ ಕಟ್ಟಡದ ಏಸಿಯ ಬೆನ್ನು ಮತ್ತು ಅದರ ಮೇಲೆ ಕೂರುವ ಎರಡು ಪಾರಿವಾಳ. ಇಲ್ಲಿ ‘ನಾನು’ ಎಂದು ಬರೆಯಲು ಕೈ ಏಳುವುದಿಲ್ಲ. ಒಬ್ಬನಿಗೆ ಜ್ವರ ಬಂದರೆ ಆರು ಮಂದಿ ಗಂಜಿ ಕುಡಿಯುವ ಕೋಣೆಯಿದು. ಒಬ್ಬನ ಮನೆಯಿಂದ ಬರುವ ಕರೆಯನ್ನು ಉಳಿದ ಐವರು ಕೇಳಿಸದವರಂತೆ ಗೋಡೆಗೆ ಮುಖ ಮಾಡಿ ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಯಾವುದು ಯಾರದು ಎಂದು ನೀವು ಕೇಳಬೇಡಿ.

ನಮ್ಮಲ್ಲಿ ಇಬ್ಬರು ಮೊಬೈಲ್ ಅಂಗಡಿಯಲ್ಲಿದ್ದೇವೆ. ಒಬ್ಬ ಪಿಕಪ್ ಓಡಿಸುತ್ತಾನೆ. ಒಬ್ಬ ಗ್ರೋಸರಿಯಿಂದ ಮನೆಮನೆಗೆ ಸೈಕಲಿನಲ್ಲಿ ಸಾಮಾನು ಮುಟ್ಟಿಸುತ್ತಾನೆ. ಒಬ್ಬ ಲೆಕ್ಕ ಬರೆಯುತ್ತಾನೆ. ಟೈ ಕಟ್ಟಿ ಹೊರಡುವ ಭಾಗ್ಯ ಅವನೊಬ್ಬನಿಗೇ. ಆರನೆಯವರು ಕಫ್ತೀರಿಯಾದಲ್ಲಿ ಚಹಾ ಮಾಡುವವರು. ವಯಸ್ಸಿನಲ್ಲಿ ನಮ್ಮೆಲ್ಲರ ತಂದೆಯಷ್ಟಿದ್ದರೂ ನಾವು ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ‘ಇದ್ದೆವು’ ಎಂದು ಏಕೆ ಬರೆದೆವೆಂಬುದನ್ನು ಆಮೇಲೆ ಹೇಳುತ್ತೇವೆ.

ಮೊಬೈಲ್ ಅಂಗಡಿಯ ಕೆಲಸವೆಂದರೆ ಊರಿನಲ್ಲಿ ಬಹಳ ಮರ್ಯಾದೆ. ಮದುವೆ ಮಾತುಕತೆಯಲ್ಲಿ ಅದು ‘ಎಲೆಕ್ಟ್ರಾನಿಕ್ಸ್ ಕಂಪೆನಿ’ ಆಗುತ್ತದೆ. ವಾಸ್ತವದಲ್ಲಿ ಅದು ಹತ್ತಡಿ ಅಗಲದ ಅಂಗಡಿ. ಬೆಳಿಗ್ಗೆ ಹತ್ತರಿಂದ ಒಂದೂವರೆ, ಸಂಜೆ ನಾಲ್ಕೂವರೆಯಿಂದ ರಾತ್ರಿ ಹನ್ನೊಂದು. ನಡುವಿನ ಮೂರು ಗಂಟೆಯಲ್ಲಿ ಉಂಡು, ಬಟ್ಟೆ ಒಗೆದು, ಒಂದು ಕಣ್ಣು ಮುಚ್ಚಿ ತೆರೆದರೆ ಮತ್ತೆ ಸಂಜೆ. ಸರಕಾರವು 2022ರ ಜನವರಿಯಿಂದ ವಾರದ ರಜೆಯನ್ನು ಶನಿವಾರ-ಭಾನುವಾರಕ್ಕೆ ಬದಲಿಸಿ, ಶುಕ್ರವಾರಕ್ಕೆ ಅರ್ಧ ದಿನ ಮಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ನಮ್ಮ ಲೆಕ್ಕಿಗನಿಗೆ ಅದರಿಂದ ಲಾಭವಾಯಿತು. ಅಂಗಡಿಯವರಿಗೆ ವಾರದ ರಜೆಯೆಂದರೆ ಮೊದಲೂ ಶುಕ್ರವಾರದ ಅರ್ಧ ದಿನ, ಈಗಲೂ ಅಷ್ಟೇ.

ಆದರೆ ಈ ಕೆಲಸದಲ್ಲಿ ಮನುಷ್ಯರನ್ನು ನೋಡಲು ಸಿಗುತ್ತದೆ. ಆಫ್ರಿಕದಿಂದ ಬರುವ ವ್ಯಾಪಾರಿಗಳು ಮೊಬೈಲನ್ನು ಕೈಯಲ್ಲಿ ಹಿಡಿದೂ ನೋಡುವುದಿಲ್ಲ. ಪೆಟ್ಟಿಗೆ ಎಣಿಸುತ್ತಾರೆ, ಟೇಪು ಸುತ್ತಿಸುತ್ತಾರೆ, ಹೋಗುತ್ತಾರೆ. ಹೊಸದಾಗಿ ಬಂದ ಹುಡುಗರು ಕ್ಯಾಮರಾ ಎಷ್ಟೆಂದು ಕೇಳುತ್ತಾರೆ. ಕಟ್ಟಡ ಕೆಲಸದವರು, ಹೆಚ್ಚಾಗಿ ಬಾಂಗ್ಲಾದೇಶ ಮತ್ತು ನೇಪಾಳದವರು, ಬೇರೆಯದನ್ನೇ ಕೇಳುತ್ತಾರೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಸ್ಪೀಕರ್ ಜೋರಾಗಿದೆಯೇ? ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ಆ ಎರಡೂವರೆ ಗಂಟೆಯಲ್ಲಿ ನೆರಳು ಹುಡುಕಿ ಮಲಗಿದವರ ಕಿವಿಯ ಹತ್ತಿರ ನೋಡಿ, ಒಂದೊಂದು ಮೊಬೈಲ್ ಇರುತ್ತದೆ. ಊರಿನಲ್ಲಿ ಒಲೆ ಹತ್ತಿಸುವ ಶಬ್ದ, ಮಗುವಿನ ಅಳು, ಯಾರೋ ಯಾರನ್ನೋ ಗದರುವುದು, ಎಲ್ಲ ಕೇಳುತ್ತಿರುತ್ತದೆ. ಆ ಕಡೆಯಿಂದ ಮಾತಾಡುತ್ತಿರುವವರು ಯಾರೂ ಇರುವುದಿಲ್ಲ. ಸುಮ್ಮನೆ ಮನೆಯನ್ನು ಕೇಳಿಸಿಕೊಳ್ಳುತ್ತಾ ನಿದ್ದೆ ಹೋಗುತ್ತಾರೆ. ಇದಕ್ಕೆ ಬ್ಯಾಟರಿ ಬೇಕು, ಸ್ಪೀಕರ್ ಬೇಕು. ಕ್ಯಾಮರಾ ಏಕೆ?

ನಾವು ಬಂದ 2017ರಲ್ಲಿ ವಿಡಿಯೊ ಕರೆ ಅಷ್ಟು ಸುಲಭವಿರಲಿಲ್ಲ. ವಾಟ್ಸಪ್‌ನಲ್ಲಿ ಚಿತ್ರ ಹೋಗುತ್ತಿತ್ತು, ಬರಹ ಹೋಗುತ್ತಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ಅದಕ್ಕೆ ಇಲ್ಲಿ ಅನುಮತಿಯಿರಲಿಲ್ಲ. 2018ರಲ್ಲಿ ಬೋಟಿಮ್‌ನಂಥ ಒಂದೆರಡು ಆ್ಯಪ್‌ಗಳಿಗೆ ಪರವಾನಿಗೆ ಸಿಕ್ಕಿ, ತಿಂಗಳಿಗೆ 50 ದಿರ್ಹಮ್ ಕಟ್ಟಿದರೆ ಮೊಬೈಲಿನಲ್ಲಿ ಮುಖ ನೋಡಿ ಮಾತನಾಡಬಹುದು ಎಂದಾಯಿತು. ಊರಿನಲ್ಲೂ ಅದೇ ಆ್ಯಪ್ ಹಾಕಿರಬೇಕು. ಪಕ್ಕದ ಮನೆಯ ಹುಡುಗನ ಕೈಕಾಲು ಹಿಡಿದು ಉಮ್ಮಂದಿರ ಮೊಬೈಲಿಗೆ ಹಾಕಿಸಿದೆವು. ಅಂದಿನಿಂದ ನಮಗೆ ಉಮ್ಮನ ಕಿವಿ ಬಾಯಿಪಾಠವಾಗಿದೆ. ವಿಡಿಯೊ ಕರೆ ಬಂದರೂ ಫೋನನ್ನು ಕಿವಿಗೆ ಒತ್ತಿ ಹಿಡಿಯುವುದು ನಮ್ಮ ಆರೂ ಮನೆಗಳ ಪದ್ಧತಿ.

“ಉಮ್ಮಾ, ಮುಖದ ಎದುರು ಹಿಡಿಯಿರಿ.”

“ಎದುರು ಹಿಡಿದರೆ ಕೇಳುವುದು ಹೇಗೆ ಮಗಾ?”

ಆಮೇಲೆ ಅವರೂ ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ, ಏನನ್ನು ತೋರಿಸಬೇಕು ಏನನ್ನು ತೋರಿಸಬಾರದು ಎಂಬುದನ್ನೂ ಕಲಿತರು. ನಮ್ಮಲ್ಲೊಬ್ಬ ಸುಮಾರು ಏಳು ತಿಂಗಳು ದಿನವೂ ತನ್ನ ಉಮ್ಮನ ಮುಖ ನೋಡಿದ. ಬೆಳಿಗ್ಗೆ ನೋಡಿದ, ರಾತ್ರಿ ನೋಡಿದ. ಪತ್ತಿರ್ ತಟ್ಟುವುದನ್ನು ಕುಳಿತಲ್ಲಿಂದಲೇ ತೋರಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಮನೆಗೆ ಹೋದಾಗ ಉಮ್ಮ ಎದ್ದು ಬಾಗಿಲಿಗೆ ಬರಲಿಲ್ಲ. ಸಕ್ಕರೆ ಕಾಯಿಲೆಯಿಂದ ಹುಣ್ಣಾಗಿ ಬಲಗಾಲಿನ ಎರಡು ಬೆರಳುಗಳನ್ನು ತೆಗೆದಿದ್ದರು. ಮನೆಯವರಿಗೆಲ್ಲ ಗೊತ್ತು, ಊರಿಗೆಲ್ಲ ಗೊತ್ತು. “ನಿನಗೆ ಅಲ್ಲಿ ಬೇಸರ ಮಾಡುವುದು ಏಕೆಂದು” ಎಂದರಂತೆ. ದಿನಕ್ಕೆರಡು ಬಾರಿ ನೋಡಿದವನಿಗೆ ಗೊತ್ತಾಗಲಿಲ್ಲ, ಏಕೆಂದರೆ ಕಾಲು ಫೋನಿನ ಚೌಕದೊಳಗೆ ಬರುತ್ತಿರಲಿಲ್ಲ.

ಅವನನ್ನೂ ದೂರುವಂತಿಲ್ಲ, ಉಮ್ಮನನ್ನೂ ದೂರುವಂತಿಲ್ಲ. ಅವನೇನು ಕಡಿಮೆ ಮುಚ್ಚಿಟ್ಟವನೇ? ಸಂಬಳ ಎರಡು ತಿಂಗಳು ತಡವಾದಾಗ ಊಟಕ್ಕೆ ಕುಬ್ಬೂಸ್ ಮತ್ತು ಮೊಸರು ಮಾತ್ರವಿತ್ತು. ಕರೆ ಮಾಡುವ ಮೊದಲು ಕೋಣೆಯವರ ಬಿರಿಯಾನಿ ತಟ್ಟೆಯನ್ನು ಎದುರಿಗೆ ಇಟ್ಟುಕೊಳ್ಳುತ್ತಿದ್ದ. ಎರಡೂ ಕಡೆಯವರು ಹೀಗೆ ಒಬ್ಬರನ್ನೊಬ್ಬರು ಕಾಪಾಡುತ್ತಾ ಬಂದರು.

ಇನ್ನೊಬ್ಬನ ಕತೆ ಸ್ವಲ್ಪ ನಗು ಬರಿಸುವಂಥದ್ದು. ಮಗಳು ಹುಟ್ಟಿದಾಗ ಅವನು ಇಲ್ಲಿದ್ದ. ಅವಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಮೊದಲ ಬಾರಿ ಮನೆಗೆ ಹೋದ. ಗಡ್ಡದ ಮನುಷ್ಯನನ್ನು ಬಾಗಿಲಲ್ಲಿ ಕಂಡು ಮಗು ಕಿರುಚಿ ಅಜ್ಜಿಯ ಹಿಂದೆ ಅಡಗಿತು. “ಉಪ್ಪ ಎಲ್ಲಿ, ಉಪ್ಪನನ್ನು ತೋರಿಸು” ಎಂದರೆ ಮೊಬೈಲಿನ ಕಡೆ ಬೆರಳು ಮಾಡುತ್ತದೆ. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಅವನಿಗೊಂದು ಉಪಾಯ ಹೊಳೆಯಿತು. ಅಂಗಳದ ತೆಂಗಿನ ಮರದ ಕೆಳಗೆ ನಿಂತು ಮನೆಯೊಳಗಿನ ಫೋನಿಗೆ ವಿಡಿಯೊ ಕರೆ ಮಾಡಿದ. ಮಗು ಓಡಿ ಬಂದು “ಉಪ್ಪಾ” ಎಂದಿತು. ಮಾತಾಡುತ್ತಾ ಮಾತಾಡುತ್ತಾ ಮೆಟ್ಟಿಲು ಹತ್ತಿದ, ಜಗಲಿಗೆ ಬಂದ, ಒಳಗೆ ಬಂದ. ಮಗು ಫೋನನ್ನು ನೋಡಿತು, ಅವನನ್ನು ನೋಡಿತು, ಮತ್ತೆ ಫೋನನ್ನು ನೋಡಿತು. ಆಮೇಲೆ ಫೋನಿನ ಹಿಂಬದಿಯನ್ನು ತಿರುಗಿಸಿ ನೋಡಿತಂತೆ. ಅಂದು ರಾತ್ರಿ ಅದು ಅವನ ಪಕ್ಕದಲ್ಲಿ ಮಲಗಿತು. ಹೋದದ್ದು ನಲವತ್ತು ದಿನದ ರಜೆಯಲ್ಲಿ. ಮೂವತ್ತಾರು ದಿನ ಉಳಿದಿದ್ದವು.

ಪ್ರಯಾಣದ ಬಗ್ಗೆ ಹೇಳಬೇಕು. ದುಬೈಯಿಂದ ಮಂಗಳೂರಿಗೆ ಮೂರೂವರೆ ಗಂಟೆ. ಸುಳ್ಯದಿಂದ ಬಸ್ಸಿನಲ್ಲಿ ಮೈಸೂರಿಗೆ ಹೋಗಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಿದ್ದರೂ ಹೋಗಲು ಎರಡು ವರ್ಷ ಬೇಕಾಗುತ್ತದೆ. ಈ ಮೂರೂವರೆ ಗಂಟೆಯ ಸುಖವೂ ನಮಗೆ ತಡವಾಗಿ ಬಂದದ್ದು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರ ಅಕ್ಟೋಬರಿನಲ್ಲಿ. ಕಾಕ ಮೊದಲ ಸಲ ಬಂದದ್ದು 1994ರಲ್ಲಿ. ಆಗ ಕೊಂಕಣ ರೈಲೂ ಇರಲಿಲ್ಲ. ಮಂಗಳೂರಿನಿಂದ ಮುಂಬಯಿಗೆ ಒಂದು ಹಗಲು ಒಂದು ರಾತ್ರಿ ಬಸ್ಸು. ಡೋಂಗ್ರಿಯಲ್ಲಿ ಊರಿನವರ ಕೋಣೆ. ವೀಸಾ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಏಜೆಂಟನ ಕಚೇರಿಯ ಮೆಟ್ಟಿಲಿನಲ್ಲಿ ಇಪ್ಪತ್ತಮೂರು ದಿನ. ಆ ಇಪ್ಪತ್ತಮೂರು ದಿನವನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ಡೋಂಗ್ರಿಯನ್ನು ಕಾಣದ ನಾವು ಐವರೂ ಅಲ್ಲಿನ ಗಲ್ಲಿಗಳಲ್ಲಿ ಕಣ್ಣು ಮುಚ್ಚಿ ನಡೆಯಬಲ್ಲೆವು.

ವಿಮಾನ ಮಂಗಳೂರಿನ ಹತ್ತಿರ ಬಂದು ಕೆಳಗಿಳಿಯುವಾಗ ಒಳಗೆ ಮಾತು ನಿಲ್ಲುತ್ತದೆ. ಗಮನಿಸಿದ್ದೀರಾ? 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಕೆಂಜಾರಿನ ಆ ಗುಡ್ಡದ ತುದಿಯನ್ನು ದಾಟಿ ಕೆಳಗೆ ಬಿತ್ತು. 158 ಮಂದಿ ತೀರಿಹೋದರು. 8 ಮಂದಿ ಬದುಕಿದರು. ನಾವು ಆಗ ಶಾಲೆ, ಕಾಲೇಜಿನಲ್ಲಿದ್ದ ಹುಡುಗರು. ಕರಾವಳಿಯಲ್ಲಿ ಒಬ್ಬರಲ್ಲ ಒಬ್ಬರು ಪರಿಚಯದವರು ಅದರಲ್ಲಿ ಇಲ್ಲದ ಊರೇ ಇರಲಿಲ್ಲವೇನೋ. ಈಗಲೂ ಕಿಟಕಿಯಲ್ಲಿ ಹಸಿರು ಗುಡ್ಡ ಕಂಡೊಡನೆ ಎಲ್ಲರೂ ಮೌನವಾಗಿ ತುಟಿ ಅಲ್ಲಾಡಿಸುತ್ತಾರೆ. ಚಕ್ರ ನೆಲ ಮುಟ್ಟಿ ವೇಗ ತಗ್ಗಿದ ಮರುಕ್ಷಣ ನೂರೈವತ್ತು ಮೊಬೈಲುಗಳು ಒಟ್ಟಿಗೆ ಕಿಣಿಕಿಣಿ ಎನ್ನುತ್ತವೆ. “ಇಳಿದೆವು, ಹಾಂ, ಇಳಿದೆವು.” ಪೆಟ್ಟಿಗೆ ತೆಗೆಯಲು ಎದ್ದು ನಿಂತವರನ್ನು ಗಗನಸಖಿ ಗದರಿಸುತ್ತಾಳೆ. ನಮ್ಮವರಿಗೆ ಶಿಸ್ತಿಲ್ಲ ಎನ್ನುವವರು ಎನ್ನಲಿ.

ಪೆಟ್ಟಿಗೆಯ ವಿಷಯವೂ ಬದಲಾಗಿದೆ. ಕಾಕನ ಕಾಲದಲ್ಲಿ ಟೇಪ್ ರೆಕಾರ್ಡರ್, ಟಾರ್ಚು, ಟ್ಯಾಂಗ್, ಕೊಡಲಿ ಗುರುತಿನ ತೈಲ, ಹೂವಿನ ಕಂಬಳಿ. ಈಗ ಇವೆಲ್ಲ ಮಂಗಳೂರಿನಲ್ಲೇ ಸಿಗುತ್ತವೆ, ಕೆಲವು ಇಲ್ಲಿಗಿಂತ ಅಗ್ಗ. ಆದರೂ ಮೂವತ್ತು ಕಿಲೊ ತುಂಬಿಸದೆ ಹೋದರೆ ಏನೋ ಅಪರಾಧ ಮಾಡಿದಂತೆ ಅನಿಸುತ್ತದೆ. ಕೊಕ್ಕೆಯ ತಕ್ಕಡಿಯಲ್ಲಿ ಪೆಟ್ಟಿಗೆಯನ್ನು ನೇತುಹಾಕಿ, ಇಬ್ಬರು ಎತ್ತಿ ಹಿಡಿದು, ಮೂರನೆಯವನು ಅಂಕಿ ಓದುತ್ತಾನೆ. ಮೂವತ್ತೊಂದೂವರೆ! ತೆಗೆ ಹಾಲಿನ ಪುಡಿಯ ಡಬ್ಬಿ. ನಮ್ಮ ಲೆಕ್ಕಿಗ ಒಮ್ಮೆ ಪವರ್ ಬ್ಯಾಂಕನ್ನು ಪೆಟ್ಟಿಗೆಯೊಳಗೆ ಹಾಕಿದ. ಅದನ್ನು ಕೈಚೀಲದಲ್ಲೇ ಒಯ್ಯಬೇಕೆಂಬುದು ನಿಯಮ. ಹಗ್ಗ, ಟೇಪು ಸುತ್ತಿ, ದಪ್ಪಕ್ಷರದಲ್ಲಿ ಹೆಸರು ಬರೆದ ಆ ಕಟ್ಟನ್ನು ಎಲ್ಲರೆದುರು ಬಿಚ್ಚಿಸಿದರು. ಮೇಲೆಯೇ ಇದ್ದದ್ದು ಹೆಂಡತಿಗೆಂದು ಕೊಂಡ ಬಟ್ಟೆಗಳು. ಟೈ ಕಟ್ಟುವವನು ಅಂದು ತಲೆ ತಗ್ಗಿಸಿ ನಿಂತ ಭಂಗಿಯನ್ನು ನಾವು ಇವತ್ತಿಗೂ ಅಭಿನಯಿಸಿ ತೋರಿಸುತ್ತೇವೆ.

ಇಲ್ಲೊಂದು ನಾಚಿಕೆಯ ಮಾತನ್ನೂ ಬರೆದುಬಿಡುತ್ತೇವೆ. ನಾವು ಬಂದ ವರ್ಷ ಒಂದು ದಿರ್ಹಮ್‌ಗೆ ಹದಿನೇಳು-ಹದಿನೆಂಟು ರೂಪಾಯಿ. 2025ರ ಕೊನೆಗೆ ಇಪ್ಪತ್ತನಾಲ್ಕು ದಾಟಿತು. ದಿರ್ಹಮ್ಮನ್ನು ಡಾಲರಿಗೆ ಕಟ್ಟಿಹಾಕಿರುವುದರಿಂದ ಅದು ಅಲ್ಲಾಡುವುದಿಲ್ಲ, ಇಳಿಯುವುದು ನಮ್ಮ ರೂಪಾಯಿಯೇ. ಪ್ರತಿದಿನ ಬೆಳಿಗ್ಗೆ ಮೊಬೈಲಿನಲ್ಲಿ ಮೊದಲು ನೋಡುವುದು ಈ ಅಂಕಿಯನ್ನು. ರೂಪಾಯಿ ಬಿತ್ತೆಂದರೆ ಕೋಣೆಯಲ್ಲಿ ಸಣ್ಣ ಹಬ್ಬ. ಸ್ವಂತ ದೇಶದ ಹಣ ಬೀಳಲೆಂದು ಕಾಯುವ ಈ ಅಭ್ಯಾಸ ಒಳ್ಳೆಯದಲ್ಲವೆಂದು ಗೊತ್ತು. ಆದರೆ ಮನೆಯ ಸಾಲದ ಕಂತು ರೂಪಾಯಿಯಲ್ಲಿದೆಯಲ್ಲ! ಊರಿನಲ್ಲಿ ಅಡಿಗೆ ಎಣ್ಣೆ, ಗ್ಯಾಸ್ ಏರಿ, ಸಿಕ್ಕಿದ ಲಾಭವನ್ನು ಅದೇ ನುಂಗುತ್ತದೆ ಎಂದು ಲೆಕ್ಕಿಗ ಕಾಗದದಲ್ಲಿ ಬರೆದು ತೋರಿಸಿದ. ಅವನ ಕಾಗದವನ್ನು ಯಾರೂ ನಂಬಲಿಲ್ಲ.

2020ನೆಯ ಇಸವಿಯನ್ನು ಬಿಟ್ಟು ಹೋಗಲು ಮನಸ್ಸಿದೆ, ಆದರೆ ಸಾಧ್ಯವಿಲ್ಲ. ಮಾರ್ಚಿನಲ್ಲಿ ವಿಮಾನಗಳು ನಿಂತವು. ತಿಂಗಳ ಕೊನೆಗೆ ನಮ್ಮ ಪಕ್ಕದ ಅಲ್ ರಾಸ್ ಭಾಗವನ್ನು ಎರಡು ವಾರ ಮುಚ್ಚಿದರು. ಆರು ಮಂದಿ ಇಪ್ಪತ್ತನಾಲ್ಕು ಗಂಟೆಯೂ ಕೋಣೆಯೊಳಗೆ. ಅದುವರೆಗೆ ನಾವು ಆರೂ ಜನ ಒಟ್ಟಿಗೆ ಎಚ್ಚರವಿದ್ದದ್ದೇ ಅಪರೂಪವೆಂದು ಆಗ ತಿಳಿಯಿತು. ಏಪ್ರಿಲಿನ ಒಂದು ಬೆಳಿಗ್ಗೆ ಪಿಕಪ್ ಓಡಿಸುವವನ ತಂದೆ ಬಂಟ್ವಾಳದಲ್ಲಿ ತೀರಿಕೊಂಡರು. ಹೃದಯಾಘಾತ. ಹೋಗಲು ದಾರಿಯೇ ಇಲ್ಲ. ಮುಟ್ಟಿಸುತ್ತೇವೆಂದು ಹೇಳಲು ಯಾವ ಏಜೆಂಟನೂ ಇಲ್ಲ. ಅಣ್ಣನ ಮಗ ಮೊಬೈಲ್ ಹಿಡಿದು ತೋರಿಸಿದ. ಕೋಣೆಯ ಮಧ್ಯೆ ಅಕ್ಕಿಯ ಡಬ್ಬದ ಮೇಲೆ ಫೋನನ್ನು ನಿಲ್ಲಿಸಿ ಆರು ಮಂದಿ ಅದರ ಮುಂದೆ ಕುಳಿತೆವು. ಮಯ್ಯತ್ತನ್ನು ಹೊರಗೆ ತಂದರು. ಊರಿನಲ್ಲೂ ಲಾಕ್‌ಡೌನ್, ಇಪ್ಪತ್ತು ಜನವೂ ಇರಲಿಲ್ಲ. ಮಸೀದಿಯ ಕಡೆ ಹೋಗುವ ಇಳಿಜಾರಿನಲ್ಲಿ ಸಿಗ್ನಲ್ ಸಿಗದೆ ಚಿತ್ರ ನಿಂತುಬಿಟ್ಟಿತು. ಬಿಳಿ ಬಟ್ಟೆಯ ಅಂಚು, ಒಬ್ಬರ ಹೆಗಲು, ಹಿಂದೆ ಹಲಸಿನ ಮರ. ಆ ಚಿತ್ರ ಹಾಗೆಯೇ ನಿಂತಿತ್ತು. ನಾವೂ ಹಾಗೆಯೇ ಕುಳಿತಿದ್ದೆವು. ಹನ್ನೆರಡು ನಿಮಿಷದ ಮೇಲೆ ಕರೆ ಮತ್ತೆ ಸಿಕ್ಕಿತು. ಅಷ್ಟರಲ್ಲಿ ಮಣ್ಣು ಹಾಕಿ ಆಗಿತ್ತು.

ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಶುರುವಾದವು. ಅವನು ಹೆಸರು ಬರೆಸಿದ. ಬಸುರಿಯರಿಗೆ, ರೋಗಿಗಳಿಗೆ, ಕೆಲಸ ಹೋದವರಿಗೆ ಮೊದಲ ಸರದಿ. ಅದು ಸರಿಯೇ. ಅವನ ಸರದಿ ಬಂದಾಗ ಅವನೇ ಬೇಡವೆಂದ. “ಈಗ ಹೋಗಿ ಎಂಥ ಮಾಡುವುದು?”

ಇಲ್ಲಿಗೆ ಬಂದ ಮೇಲೆ ಮಳೆಗಾಗಿ ಹಂಬಲಿಸಿದ ನಮಗೆ ಒಂದು ದಿನ ಮಳೆಯೇ ಬಂತು. 2024ರ ಏಪ್ರಿಲ್ 16. ಇಲ್ಲಿನ ಸರಕಾರ 1949ರಿಂದ ಲೆಕ್ಕ ಇಟ್ಟಿರುವ ಎಪ್ಪತ್ತೈದು ವರ್ಷಗಳಲ್ಲೇ ದೊಡ್ಡ ಮಳೆ ಅದು. ಅಲ್ ಐನ್ ಭಾಗದ ಒಂದು ಕಡೆ ಇಪ್ಪತ್ತನಾಲ್ಕು ಗಂಟೆಗೂ ಕಡಿಮೆ ಅವಧಿಯಲ್ಲಿ 254 ಮಿಲಿಮೀಟರ್ ಸುರಿಯಿತು. ನಮ್ಮ ಕಡೆ ಆಟಿ ತಿಂಗಳಲ್ಲಿ ಇಂಥ ಒಂದು ದಿನ ಬಂದರೆ ಶಾಲೆಗೆ ರಜೆ ಕೊಟ್ಟು, ಹಲಸಿನ ಹಪ್ಪಳ ಸುಟ್ಟು ತಿನ್ನುತ್ತಾರೆ. ಇಲ್ಲಿ ಚರಂಡಿಯಿಲ್ಲದ ರಸ್ತೆಗಳು ಹೊಳೆಯಾದವು, ವಿಮಾನ ನಿಲ್ದಾಣ ಕೆರೆಯಾಯಿತು, ಕಾರುಗಳು ತೇಲಿದವು. ಮೊದಲ ಅರ್ಧ ಗಂಟೆ ನಾವು ಮಕ್ಕಳಂತೆ ಟೆರೇಸಿನಲ್ಲಿ ನಿಂತು ನೆನೆದೆವು. ಆಮೇಲೆ ನಗು ನಿಂತಿತು.

ಮರುವಾರ ಅಂಗಡಿಗೆ ಬಂದದ್ದೆಲ್ಲ ನೀರು ಕುಡಿದ ಮೊಬೈಲುಗಳೇ. ಹೆಚ್ಚಿನವನ್ನು ಅಕ್ಕಿಯ ಚೀಲದಲ್ಲಿ ಹುಗಿದಿಟ್ಟು ತಂದಿದ್ದರು. ರಿಪೇರಿ ಮಾಡುವ ಪೇಶಾವರದ ಭಾಯ್‌ಗೆ ಅಕ್ಕಿ ಕಂಡರೆ ಸಿಟ್ಟು. ಚಾರ್ಜರ್ ಚುಚ್ಚುವ ತೂತಿನಿಂದ ಅಕ್ಕಿಯ ಹುಡಿಯನ್ನು ಸೂಜಿಯಲ್ಲಿ ಕೆದಕಿ ತೆಗೆಯುತ್ತಾ ಬಯ್ಯುತ್ತಿದ್ದ. ಅಕ್ಕಿ ನೀರನ್ನು ಎಳೆಯುವುದಕ್ಕಿಂತ ಹುಡಿಯನ್ನು ಒಳಗೆ ಬಿಡುವುದೇ ಹೆಚ್ಚು ಎಂಬುದು ಅವನ ಅನುಭವ. ಅದೇ ವರ್ಷ ಆ್ಯಪಲ್ ಕಂಪೆನಿಯೂ ಫೋನನ್ನು ಅಕ್ಕಿಯಲ್ಲಿಡಬೇಡಿ ಎಂದು ಹೇಳಿತ್ತು.

ಆ ಸಾಲಿನಲ್ಲಿ ಒಬ್ಬ ಟ್ರಕ್ ಚಾಲಕ ನಿಂತಿದ್ದ. ಪರದೆ ಒಡೆದ, ಬೆನ್ನು ಉಬ್ಬಿದ ಹಳೆಯ ಫೋನು. ಇದನ್ನು ಸರಿ ಮಾಡುವ ಹಣಕ್ಕೆ ಹೊಸದು ಬರುತ್ತದೆಂದು ಹೇಳಿದೆವು. ಫೋನು ಬೇಡ, ಅದರೊಳಗಿನ ಚಿತ್ರ ಬೇಕು ಎಂದ. ಊರಿನಲ್ಲಿ ಹುಟ್ಟಿ ಒಂಬತ್ತು ದಿನ ಬದುಕಿದ ಮಗನ ಚಿತ್ರ. ಹೆಂಡತಿಯ ಫೋನು ಮೊದಲೇ ಹಾಳಾಗಿತ್ತು, ಬೇರೆಲ್ಲೂ ಇಲ್ಲ. ಭಾಯ್ ಆ ದಿನ ಉಳಿದ ಕೆಲಸಗಳನ್ನು ಬದಿಗಿಟ್ಟ. ಒಳಗಿನ ಹಲಗೆಯನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ತೊಳೆದು, ಸಣ್ಣ ಬ್ರಷ್ಷಿನಿಂದ ತುಕ್ಕು ಉಜ್ಜಿ, ಬೇರೆ ಫೋನಿನ ಪರದೆ, ಬ್ಯಾಟರಿ ಜೋಡಿಸಿ ರಾತ್ರಿ ಹನ್ನೊಂದರ ಹೊತ್ತಿಗೆ ಅದಕ್ಕೆ ಜೀವ ತಂದ. ಹದಿನಾಲ್ಕು ಚಿತ್ರಗಳು. ಹಣ ಎಷ್ಟೆಂದು ಚಾಲಕ ಕೇಳಿದಾಗ ಭಾಯ್ ಚಹಾ ಕುಡಿಸು ಎಂದ. ಮಾಲಿಕನಿಗೆ ನಾವು ಬೇರೆ ಲೆಕ್ಕ ಹೇಳಿದೆವು. ಅದು ಹೇಗೋ ಸರಿಹೋಯಿತು.

ಈ ಕತೆಯನ್ನು ಅಂದು ರಾತ್ರಿ ಕೋಣೆಯಲ್ಲಿ ಹೇಳಿದಾಗ ಕಾಕ ಏನೂ ಮಾತಾಡಲಿಲ್ಲ. ಎರಡು ದಿನ ಬಿಟ್ಟು, ಮಂಚದ ಅಡಿಯಿಂದ ತನ್ನ ಹಳೆಯ ಸೂಟ್‌ಕೇಸ್ ಎಳೆದು, ಒಂದು ಮಫ್ಲರಿನಲ್ಲಿ ಸುತ್ತಿದ ಕ್ಯಾಸೆಟ್ ತೆಗೆದರು.

“ಇದರಲ್ಲಿ ಉಮ್ಮ ಇದ್ದಾರೆ. ಇದನ್ನು ಮೊಬೈಲಿಗೆ ಹಾಕಲಿಕ್ಕೆ ಆಗ್ತದಾ ಮಕ್ಕಳೇ?”

ನಮಗೆ ಕ್ಯಾಸೆಟ್ ಕಾಗದದ ಬಗ್ಗೆ ಕೇಳಿ ಗೊತ್ತಿತ್ತು. ಎಸ್.ಎ. ಜಮೀಲರ ದುಬೈ ಕತ್ತ್ ಪಾಟ್ಟನ್ನು ನಮ್ಮ ಕಡೆಯ ಮದುವೆ ಮನೆಗಳಲ್ಲಿ ಈಗಲೂ ಹಾಡುತ್ತಾರೆ. ಹೆಂಡತಿ ದುಬೈಯ ಗಂಡನಿಗೆ ಬರೆದ ಕಾಗದ ಅದು. ಓದು ಬಾರದವರ ಮನೆಗಳಲ್ಲಿ ಕಾಗದದ ಬದಲು ಕ್ಯಾಸೆಟ್. ಫೋನ್ ಮಾಡಬೇಕಾದರೆ ಕಾಕನ ಮನೆಗೆ ಪಿ.ಪಿ. ನಂಬರ್, ಅಂದರೆ ಗದ್ದೆಯ ಆಚೆಯ ಭಟ್ಟರ ಮನೆಯ ಫೋನು. ಭಟ್ಟರ ಮನೆಯವರು ಕೂಗಿ, ಉಮ್ಮ ಅಂಚಿನಲ್ಲಿ ಓಡಿ ಬಂದು ಏದುಸಿರು ಬಿಡುವಷ್ಟರಲ್ಲಿ ಹತ್ತು ದಿರ್ಹಮ್ ಮುಗಿಯುತ್ತಿತ್ತು. ಆಕೆಯ ಉಸಿರಾಟಕ್ಕೇ ತನ್ನ ಅರ್ಧ ಸಂಬಳ ಹೋಯಿತೆಂದು ಕಾಕ ನಗುತ್ತಿದ್ದರು. ಹಾಗಾಗಿ ಊರಿಗೆ ಹೋಗಿ ಬರುವವರ ಕೈಯಲ್ಲಿ ಕ್ಯಾಸೆಟ್. ಈ ಕ್ಯಾಸೆಟ್ ಬಂದದ್ದು 1996ರಲ್ಲಿ. ಮರುವರ್ಷ ಉಮ್ಮ ತೀರಿಕೊಂಡರು. ಪಾಸ್‌ಪೋರ್ಟ್ ಅಂದಿನ ಅರಬಾಬನ ಕಪಾಟಿನಲ್ಲಿತ್ತು, ಬಿಡಲಿಲ್ಲ. ಆಮೇಲೆ ಟೇಪ್ ರೆಕಾರ್ಡರ್ ಕೆಟ್ಟಿತು, ಕೋಣೆಗಳು ಬದಲಾದವು. ಕ್ಯಾಸೆಟ್ ಮಫ್ಲರಿನೊಳಗೇ ಉಳಿಯಿತು.

ಹನ್ನೊಂದು ಚಾರ್ಜರುಗಳ ಕೋಣೆಯಲ್ಲಿ ಕ್ಯಾಸೆಟ್ ಹಾಕಲು ಒಂದು ಯಂತ್ರವಿರಲಿಲ್ಲ. ಶಾರ್ಜಾದ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ನಲವತ್ತು ದಿರ್ಹಮ್‌ಗೆ ಒಂದು ಸಿಕ್ಕಿತು. ಒಳಗಿನ ಬೆಲ್ಟ್ ಕರಗಿ ಅಂಟಾಗಿತ್ತು, ಭಾಯ್ ಬೇರೆ ಹಾಕಿದ. ಆದರೂ ದನಿ ಬಾವಿಯೊಳಗಿಂದ ಬಂದಂತೆ ಬಂತು. ನೋಡಿದರೆ ಕ್ಯಾಸೆಟ್ಟಿನೊಳಗೆ ಟೇಪನ್ನು ಒತ್ತಿ ಹಿಡಿಯುವ ಚೂರು ಬಟ್ಟೆಯಿರುತ್ತದಲ್ಲ, ಹೆಸರು ಕಾಳಿನಷ್ಟು, ಅದು ಉದುರಿ ಹೋಗಿತ್ತು. ಇನ್ನೊಂದು ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ ಅದರದ್ದನ್ನು ಕಿತ್ತು ಇದಕ್ಕೆ ಕೂರಿಸಿದೆವು. ಉಸಿರು ಹಿಡಿದು ಮಾಡಿದ ಕೆಲಸ. ಆಗ ಸ್ಪಷ್ಟವಾಗಿ ಕೇಳಿತು. ಮೊದಲು ಕೋಳಿಯ ಕೂಗು. ಆಮೇಲೆ ಬಾವಿಯ ರಾಟೆ. ಆಮೇಲೆ ಒಬ್ಬ ಹೆಂಗಸು ಗಂಟಲು ಸರಿಪಡಿಸಿಕೊಂಡು ಸಲಾಂ ಹೇಳಿದರು. ನಾವು ಕೂಡಲೇ ದನಿ ತಗ್ಗಿಸಿದೆವು. ಅದು ನಮಗೆ ಕಳಿಸಿದ್ದಲ್ಲ.

ಇಪ್ಪತ್ತೆರಡು ನಿಮಿಷ ಸಿಕ್ಕಿತು. ಉಳಿದ ಭಾಗದ ಮೇಲೆ ಆಗಿನ ಕೋಣೆಯ ಯಾರೋ ಹಿಂದಿ ಹಾಡು ತುಂಬಿಸಿದ್ದರು. ಕಾಕನ ಮೊಬೈಲಿಗೆ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಟ್ಟೆವು. ಅವರು ಟೆರೇಸಿಗೆ ಹೋದರು. ಇಪ್ಪತ್ತೆರಡು ನಿಮಿಷದ ಸಂಗತಿ ಕೇಳಿ ಕೆಳಗೆ ಬರಲು ಎರಡು ಗಂಟೆ ಹಿಡಿಯಿತು. ಅನ್ನ ಬಡಿಸಿ ಕಾದಿದ್ದೆವು. ಉಣ್ಣುತ್ತಾ ನಡುವೆ ಹೇಳಿದರು:

“ಯಾವಾಗ ಬರ್ತಿ ಎಂದು ಉಮ್ಮ ಕೇಳಿದ್ದಾರೆಂದೇ ನಾನು ಇಷ್ಟು ವರ್ಷ ನೆನಸಿದ್ದೆ. ಎಲ್ಲಿಯೂ ಕೇಳಲೇ ಇಲ್ಲ ಮಾರಾಯ. ಹಂಚಿನ ರೇಟು ಹೇಳಿದ್ದಾರೆ, ದನ ಕರು ಹಾಕಿದ್ದು ಹೇಳಿದ್ದಾರೆ. ಬರ್ತಿಯಾ ಎಂದು ಮಾತ್ರ ಕೇಳಲಿಲ್ಲ.”

ಸಾರು ಹಾಕಲೇ ಎಂದು ಕೇಳಿದೆವು. ಹಾಕು ಎಂದರು.

ಆ ಆಗಸ್ಟಿನಲ್ಲಿ ಕಾಕ ವೀಸಾ ಕ್ಯಾನ್ಸಲ್ ಮಾಡಿಸಿದರು. ಬಂದು ಮೂವತ್ತು ವರ್ಷ. ಮಂಡಿ ನೋವು, ಚಹಾದ ಒಲೆಯ ಮುಂದೆ ಹನ್ನೆರಡು ಗಂಟೆ ನಿಲ್ಲಲಾಗುವುದಿಲ್ಲ ಎಂಬುದು ಹೇಳಿದ ಕಾರಣ. ಅದಲ್ಲದೆ ಬೇರೆ ಕಾರಣ ಇತ್ತೋ ಇಲ್ಲವೋ, ನಾವು ಕೇಳಲಿಲ್ಲ. ಅಂಗಡಿಯಿಂದ ನಮ್ಮ ಲೆಕ್ಕದಲ್ಲಿ ಅವರ ಮನೆಯವರಿಗೆ ಒಂದು ಒಳ್ಳೆಯ ಫೋನ್ ಕೊಡುತ್ತೇವೆಂದೆವು. ಕಾಕ ಕರೆ ಮಾಡಿ ಯಾವ ಬಣ್ಣದ್ದೆಂದು ಕೇಳಿದರು. ನಾವು ಐವರೂ ಗೋಡೆಗೆ ಮುಖ ಮಾಡಿ ಮಲಗಿದ್ದೆವು. “ನೀವು ಮನೆಯಲ್ಲಿರುವಾಗ ನನಗೆ ಫೋನ್ ಏತಕ್ಕೆ?” ಎಂದರು ಆಕೆ.

ಆದರೂ ಪೆಟ್ಟಿಗೆ ಮೂವತ್ತು ಕಿಲೊ ಆಯಿತು. ತಕ್ಕಡಿಯನ್ನು ಎತ್ತಿ ಹಿಡಿದು ಅಂಕಿ ಓದಿ ಕಟ್ಟಿದೆವು. ಹಗ್ಗದ ಗಂಟು ಹಾಕಲು ಮಾತ್ರ ನಮಗೆ ಬಿಡಲಿಲ್ಲ. ನಿಮ್ಮ ಗಂಟು ಬಜ್ಪೆ ತಲುಪುವುದಿಲ್ಲ ಎಂದು ತಾವೇ ಕಟ್ಟಿದರು. ಮಫ್ಲರ್ ಕೈಚೀಲದಲ್ಲಿತ್ತು.

ಅವರ ಮಂಚಕ್ಕೆ ಹದಿನೈದು ದಿನದೊಳಗೆ ಹೊಸ ಹುಡುಗ ಬಂದ, ಉಪ್ಪಿನಂಗಡಿ ಕಡೆಯವನು, ಇಪ್ಪತ್ತೆರಡು ವರ್ಷ. ಬಂದವನೇ ಪ್ಲಗ್ ಎಲ್ಲಿದೆಯೆಂದು ನೋಡಿದ. ಲ್ಯಾಪ್‌ಟಾಪು, ಎರಡು ಫೋನು, ಗಡಿಯಾರದಂಥದ್ದೊಂದು. ಕಾಕನಿಗಿದ್ದದ್ದು ಒಂದೇ ಚಾರ್ಜರ್. ಹಾಗಾಗಿ ಲೆಕ್ಕ ಈಗ ಹದಿನಾಲ್ಕು.

ಕಾಕನ ಮೊದಲ ಕರೆ ಬಂದದ್ದು ಅವರು ಹೋಗಿ ಹತ್ತನೆಯ ದಿನ. ನಮಗಿಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ, ಅಲ್ಲಿ ಐದೂವರೆ. ಊರು ಮುಟ್ಟಿ ಹತ್ತು ದಿನಕ್ಕೇ ಒಂದೂವರೆ ಗಂಟೆಯ ವ್ಯತ್ಯಾಸ ಮರೆತಿದ್ದರು. ಆರು ಮಂದಿಯೂ (ಪ್ಲಗ್ ಹುಡುಕಿದ ಹುಡುಗನ ಮಂಚದಲ್ಲಿ ಆಗಿನ್ನೂ ಯಾರೂ ಇರಲಿಲ್ಲ, ಐವರೆನ್ನಿ) ದಡಬಡಿಸಿ ಎದ್ದೆವು. ಆ ಹೊತ್ತಿನಲ್ಲಿ ಊರಿನಿಂದ ಬರುವ ಕರೆಯೆಂದರೆ ನಮಗೆ ಎದೆ ಒಡೆಯುತ್ತದೆ. ಏನಿಲ್ಲ, ಓದುವ ಕನ್ನಡಕ ಕಾಣುತ್ತಿಲ್ಲ, ಅಲ್ಲೇ ದಿಂಬಿನಡಿ ಬಿಟ್ಟೆನೇನೋ ಎಂದು ನೆನಪಾಯಿತು, ನೋಡಿ ಹೇಳಿ ಎಂದರು. ಹಿಂದೆ ಜೋರಾಗಿ ಮಳೆ ಸುರಿಯುತ್ತಿತ್ತು. ಯಾರೋ ಬಾಗಿಲು ಹಾಕಿ ಎಂದು ಕೂಗುತ್ತಿದ್ದರು.

ಮೊಬೈಲಿನ ಬೆಳಕು ಹಾಕಿ ಮಂಚದ ಕೆಳಗೆಲ್ಲ ಹುಡುಕಿದೆವು. ಕನ್ನಡಕ ಸಿಗಲಿಲ್ಲ. ಸಿಗಲಿಲ್ಲ ಕಾಕ ಎಂದೆವು. ಸರಿ ಬಿಡಿ, ಮಲಗಿ ಎಂದರು. ಆದರೆ ಫೋನ್ ಇಡಲು ಮರೆತರು. ಒಬ್ಬನ ದಿಂಬಿನ ಮೇಲೆ ಫೋನನ್ನು ಹಾಗೆಯೇ ಇಟ್ಟುಕೊಂಡು, ಸ್ಪೀಕರ್ ಹಾಕಿ, ಆ ಮಳೆಯನ್ನು ಸ್ವಲ್ಪ ಹೊತ್ತು ಕೇಳಿದೆವು.